ಪೆರು ಪ್ರವಾಸದ ಪ್ಲಾನಿಂಗ್ ಸೇವೆ: ಕಾಫಿ ಬಗ್ಗೆ ಕೇಳಿದರು, ಟಿಕೆಟ್ ಬಗ್ಗೆ ಕೇಳಲಿಲ್ಲ

ಮೂರೂವರೆ ಸ್ಟಾರ್ ಕೊಟ್ಟಿದ್ದೇನೆ. ಬೆಟ್ಟದ ಮೇಲಿರುವ ಇಂಕಾ ರಾಜರ ಕಾಲದ ಹಳೇ ಊರು ಮಾಚು ಪಿಚುವಿನ ಟಿಕೆಟ್ ವಿಷಯ ಒಂದು ಸರಿಯಾಗಿದ್ದಿದ್ದರೆ ಕಣ್ಣುಮುಚ್ಚಿ ಐದೂ ಕೊಡುತ್ತಿದ್ದೆ.

ಇವರು ಪೆರುವಿನ ಕುಸ್ಕೊ ನಗರದಲ್ಲಿ ಕೂತು ಆನ್‌ಲೈನ್‌ನಲ್ಲೇ ಪ್ರವಾಸದ ಪ್ಲಾನ್ ಮಾಡಿಕೊಡುವವರು. ಗಂಡ ಹೆಂಡತಿ ಇಬ್ಬರೇ. ಹೆಸರು ಬರೆಯುವುದಿಲ್ಲ, ಯಾರ ಹೊಟ್ಟೆ ಮೇಲೂ ಹೊಡೆಯುವ ಆಸೆ ನನಗಿಲ್ಲ. ಮಗಳು ಟೆಕ್ಸಸ್‌ನಲ್ಲಿದ್ದಾಳೆ. ಹೇಗೂ ಅವಳ ಮನೆಗೆ ಹೋಗುತ್ತೇವಲ್ಲ, ಹಾಗೇ ಅವಳ ಜೊತೆ ಪೆರು ನೋಡಿಬರೋಣ ಅಂತ ಹೊರಟಿದ್ದು. ಅಮೆರಿಕದ ವೀಸಾ ಕನಿಷ್ಠ 6 ತಿಂಗಳು ಬಾಕಿ ಇದ್ದರೆ ಭಾರತೀಯರಿಗೆ ಪೆರುವಿಗೆ ಬೇರೆ ವೀಸಾ ಬೇಡ. ಗಣೇಶ ಹಬ್ಬದ ಹೊತ್ತಿಗೆ ಶುರುವಾದ ಮಾತುಕತೆ ಮೇ ತಿಂಗಳಲ್ಲಿ ನಾವು ಹೋಗಿ ಬರುವವರೆಗೂ ನಡೆಯಿತು.

ಈಗ ದೂರು. 2024ರ ಜೂನ್‌ನಿಂದ ಮಾಚು ಪಿಚು ನೋಡುವುದನ್ನು ಮೂರು ಸರ್ಕ್ಯೂಟ್, ಅಂದರೆ ಮೂರು ಸುತ್ತು, ಮಾಡಿದ್ದಾರೆ. ಅದರೊಳಗೆ ಮತ್ತೆ 10 ದಾರಿಗಳು. ಯಾವ ದಾರಿಯ ಟಿಕೆಟ್ ಇದೆಯೋ ಅದರಲ್ಲೇ ನಡೆಯಬೇಕು, ಹಿಂದಕ್ಕೆ ಬರುವ ಹಾಗಿಲ್ಲ. ಎರಡನೇ ಸರ್ಕ್ಯೂಟ್ ಎಲ್ಲರೂ ಬಯಸುವಂಥದ್ದು: ಮೇಲಿನಿಂದ ಆ ಪ್ರಸಿದ್ಧ ನೋಟ, ಆಮೇಲೆ ಇಳಿದು ಊರಿನೊಳಗೆ ಓಡಾಟ. ನಮ್ಮ ಕೈಗೆ ಬಂದಿದ್ದು ಒಂದನೇ ಸರ್ಕ್ಯೂಟಿನ 1-ಬಿ ದಾರಿ. ಮೇಲಿನ ಜಗಲಿಯಂಥ ಜಾಗದಲ್ಲಿ ನಿಂತು ನೋಡಬೇಕು, ಫೋಟೊ ತೆಗೆಯಬೇಕು, ಹೊರಡಬೇಕು. ಕಲ್ಲಿನ ಓಣಿಗಳು, ಕಾಲುವೆಗಳು, ಸೂರ್ಯ ದೇವಾಲಯ, ಎಲ್ಲ ಕೆಳಗೆ ಕಾಣುತ್ತಿವೆ. ಇಳಿಯುವ ಹಾಗಿಲ್ಲ. ಮದುವೆ ಮನೆಗೆ ಹೋಗಿ ಚಪ್ಪರದ ಹೊರಗೇ ನಿಂತು ಬಂದ ಹಾಗೆ!

ಅವರು ಕಳಿಸಿದ ಪಟ್ಟಿಯಲ್ಲಿ ಇದ್ದದ್ದು ‘ಮಾಚು ಪಿಚು ಪ್ರವೇಶ: ಸೇರಿದೆ’ ಅಂತ ಅಷ್ಟೇ. ಯಾವ ಸರ್ಕ್ಯೂಟ್ ಅನ್ನುವ ಮಾತೇ ಇಲ್ಲ. ಟಿಕೆಟ್‌ನ ಪಿಡಿಎಫ್ ಬಂದಿದ್ದು ಕೊನೆಗಳಿಗೆಯಲ್ಲಿ. ಹೆಸರು, ಪಾಸ್‌ಪೋರ್ಟ್ ನಂಬರ್, ಗಂಟೆ ಎಲ್ಲ ಅಚ್ಚಾಗಿರುತ್ತೆ, ಬದಲಾಯಿಸಲು ಬರುವುದಿಲ್ಲ. ಬೆಟ್ಟದ ಕೆಳಗಿನ ಆಗ್ವಾಸ್ ಕಾಲಿಯೆಂತೆಸ್ ಊರಿನಲ್ಲಿ ದಿನಕ್ಕೆ 1,000 ಟಿಕೆಟ್ ಕೌಂಟರಿನಲ್ಲೇ ಮಾರುತ್ತಾರೆ. ಆದರೆ ಅದಕ್ಕೆ ಕ್ಯೂ ನಿಲ್ಲಬೇಕು, ರಾತ್ರಿ ಉಳಿಯಬೇಕು. ನಮಗೆ ಸಂಜೆಯೇ ವಾಪಸ್ ರೈಲು. ಆ ಊರಿಗೆ ರಸ್ತೆಯೇ ಇಲ್ಲ, ರೈಲು ತಪ್ಪಿಸಿಕೊಂಡರೆ ಕಥೆ ಮುಗಿಯಿತು.

ದೂರು ಕೊಟ್ಟೆ. ನೂರು ಸಲ ಸಾರಿ ಕೇಳಿದರು. ಪರಿಹಾರ ಅಂತ ಮುಂದಿನ ಸಲ ಬಂದಾಗ ಅರ್ಧ ಶುಲ್ಕ ಬಿಡುತ್ತಾರಂತೆ. ನಮ್ಮನೆಯವರಿಗೆ ಅರವತ್ತು ದಾಟಿದೆ, ನನ್ನ ಮಂಡಿ ನನ್ನ ಮಾತು ಕೇಳುತ್ತಿಲ್ಲ. ಮುಂದಿನ ಸಲ ಅಂದರೆ ಯಾವ ಜನ್ಮದಲ್ಲಿ?

ಆದರೂ ಕೋಪ ಪೂರ್ತಿ ಬರುತ್ತಿಲ್ಲ. ಅದಕ್ಕೆ ಕಾರಣ ಇದೆ.

ಶುರುವಿನಲ್ಲಿ ಇವರು ಕಳಿಸಿದ ಪ್ರಶ್ನೆಪಟ್ಟಿಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಬೆಳಿಗ್ಗೆ ಎದ್ದ ಮೊದಲ ಅರ್ಧ ಗಂಟೆ ಏನು ಮಾಡುತ್ತೀರಿ? ನಾನು ಸುಮ್ನೆ ಬರೆದೆ, ಫಿಲ್ಟರ್ ಕಾಫಿ ಇಲ್ಲದೆ ನನಗೆ ಬೆಳಗಾಗುವುದಿಲ್ಲ ಅಂತ. ಹೋಗಿ ನೋಡಿದರೆ ಅಮೆಜಾನ್ ಕಾಡಿನ ಲಾಡ್ಜ್ ಒಂದು ಬಿಟ್ಟು ಎಲ್ಲ ಕಡೆ ರೂಮಿನಲ್ಲಿ ಕೆಟಲ್! ಹುಡುಕಿ ಹುಡುಕಿ ಅಂಥ ಮನೆಗಳನ್ನೇ ಗೊತ್ತು ಮಾಡಿದ್ದರು. ಪುಟ್ಟ ಸ್ಟೀಲ್ ಫಿಲ್ಟರ್, ಪುಡಿ ನಮ್ಮದೇ. ಕುಸ್ಕೊ ಇರುವುದು 3,400 ಮೀಟರ್ ಎತ್ತರದಲ್ಲಿ, ಅಲ್ಲಿ ನೀರು 89 ಡಿಗ್ರಿ ಆಸುಪಾಸಿನಲ್ಲೇ ಕುದ್ದುಬಿಡುತ್ತದೆ. ಡಿಕಾಕ್ಷನ್ ತೆಳ್ಳಗಾಗುತ್ತಿತ್ತು. ಒಂದು ಚಮಚ ಪುಡಿ ಜಾಸ್ತಿ ಹಾಕಿ, ರಾತ್ರಿಯೇ ಇಳಿಯಲು ಬಿಟ್ಟು ಮಲಗಲು ಶುರು ಮಾಡಿದೆ. ಹಾಲಿಗೆ ಅಲ್ಲಿ ಅಂಗಡಿ ಅಂಗಡಿಯಲ್ಲಿ ಬತ್ತಿಸಿದ ಹಾಲಿನ ಡಬ್ಬಿ ಸಿಗುತ್ತೆ, ಸಕ್ಕರೆ ಹಾಕದ್ದು. ಅದನ್ನು ಬಿಸಿನೀರಿಗೆ ಬೆರೆಸಿದರೆ ಗಟ್ಟಿ ಹಾಲೇ ಸರಿ. ಎರಡು ಸ್ವೆಟರ್ ಹಾಕಿಕೊಂಡು, ಕಿಟಕಿ ಹತ್ತಿರ ಕೂತು, ಹೆಂಚಿನ ಮಾಡುಗಳ ಮೇಲೆ ಬಿಸಿಲು ಏರುವುದನ್ನು ನೋಡುತ್ತಾ ಕುಡಿದ ಆ ಕಾಫಿಗೆ ಎಷ್ಟು ಸ್ಟಾರ್ ಕೊಡಲಿ ಹೇಳಿ.

ಊಟಕ್ಕೂ ಹೀಗೇ. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಮೂಳೆ ಬೇಯಿಸಿದ ನೀರಿನ ಸೂಪೂ ಬೇಡ ಅಂತ ಸ್ಪ್ಯಾನಿಷ್‌ನಲ್ಲಿ ಬರೆದ ಒಂದು ಚೀಟಿ ಕಳಿಸಿದ್ದರು. ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಟ್ಟುಕೊಂಡೆ. ಹೋದ ಕಡೆಯೆಲ್ಲ ಮೊದಲು ಆ ಚೀಟಿ, ಆಮೇಲೆ ಮೆನು. ಕೀನ್ವಾ ಸೂಪು, ಆಲೂಗಡ್ಡೆ, ದೊಡ್ಡ ಕಾಳಿನ ಜೋಳದ ತೆನೆ ಜೊತೆ ಚೀಸ್. ಖಾರ ಸಾಲದೆ ನಮ್ಮನೆಯವರು ಉಪ್ಪಿನಕಾಯಿ ಬಾಟಲಿ ತೆಗೆಯುತ್ತಿದ್ದರು. ಅದು ಬೇರೆ ವಿಷಯ.

ಇವರಿಗೆ ಕೊಟ್ಟ ಕಾಸಿಗೆ ನಿಜವಾಗಿ ಬಾಳುವುದು ಊರುಗಳನ್ನು ಜೋಡಿಸಿದ ಕ್ರಮ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಸಮುದ್ರದ ಪಕ್ಕದ ಲಿಮಾದಿಂದ ವಿಮಾನ ಹತ್ತಿ ಸೀದಾ 3,400ಕ್ಕೆ ಇಳಿದರೆ ತಲೆನೋವು, ವಾಂತಿ, ಏದುಸಿರು ಶುರುವಾಗಬಹುದು. ಬಹಳ ಜನ ಮೊದಲ ರಾತ್ರಿಯೇ ಕುಸ್ಕೊದಲ್ಲಿ ಉಳಿಯುತ್ತಾರೆ. ಇವರು ವಿಮಾನ ನಿಲ್ದಾಣದಿಂದ ನೇರ ಕಾರು ಹತ್ತಿಸಿ ಉರುಬಂಬಾ ನದಿಯ ಕಣಿವೆಗೆ ಇಳಿಸಿದರು. ಆ ಕಣಿವೆಯ ಒಯಾಂತಾಯ್‌ತಾಂಬೊ ಊರು 2,800 ಮೀಟರ್ ಹತ್ತಿರ. ಅಲ್ಲೇ ಕೆಲವು ದಿನ, ಅಲ್ಲಿಂದ ಇನ್ನೂ ಕೆಳಗಿರುವ ಮಾಚು ಪಿಚು (2,430 ಮೀಟರ್), ಕುಸ್ಕೊ ಅದಾದ ಮೇಲೆ. ಅಷ್ಟು ಹೊತ್ತಿಗೆ ಮೈ ಒಗ್ಗಿತ್ತು. ನಮ್ಮನೆಯವರಿಗೆ ಬಿಪಿ ಇದೆ, ಆದರೂ ಒಂದು ದಿನ ಮಲಗಲಿಲ್ಲ.

ಮಗಳಿಗೆ ಬಣ್ಣದ ಬೆಟ್ಟ ವಿನಿಕುಂಕಾ ನೋಡುವ ಹಟ. ಅದು 5,000 ಮೀಟರಿಗಿಂತ ಮೇಲೆ. ‘ನಿಮ್ಮ ತಂದೆಯವರನ್ನು ಅಲ್ಲಿಗೆ ಕಳಿಸಲಾರೆವು, ನೀವು ಬೇಕಾದರೆ ಒಬ್ಬರೇ ಹೋಗಿ’ ಅಂತ ವಾಯ್ಸ್ ಮೆಸೇಜ್ ಬಂತು. ಬರುವ ದುಡ್ಡು ಬೇಡ ಅನ್ನುವ ವ್ಯಾಪಾರಿಯನ್ನು ನಾನು ನೋಡಿದ್ದು ಕಡಿಮೆ. ಎಲ್ಲ ಕಡೆ ಕೊಡುವ ಕೋಕಾ (ಕೊಕೇನ್ ತೆಗೆಯುವ ಗಿಡ) ಎಲೆಯ ಕಷಾಯ ಅಲ್ಲೇ ಕುಡಿಯಿರಿ, ಎಲೆ ಹೋಗಲಿ ಟೀ ಬ್ಯಾಗ್ ಕೂಡ ಅಮೆರಿಕಕ್ಕೆ ಒಯ್ಯಬೇಡಿ ಅಂತಲೂ ಅವರೇ ಎಚ್ಚರಿಸಿದರು.

ಕಾಡಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಲೆನಾಡಿನ ಸಾಗರದವಳಿಗೆ ಮಳೆಕಾಡು ತೋರಿಸಲು ಯಾಕೆ ದುಡ್ಡು ಅಂತ ಮೊದಲು ಗೊಣಗಿದ್ದು ನಿಜ. ಕುಸ್ಕೊದಿಂದ ಪುಯೆರ್ತೊ ಮಾಲ್ಡೊನಾಡೊಗೆ ವಿಮಾನದಲ್ಲಿ ಒಂದು ಗಂಟೆಯೂ ಇಲ್ಲ, ಆಮೇಲೆ ತಾಂಬೊಪಾತಾ ನದಿಯಲ್ಲಿ ದೋಣಿ. ಕಾಲಿಗೆ ಉಂಬಳ ಹತ್ತಲಿಲ್ಲ, ಸೊಳ್ಳೆ ಮಾತ್ರ ನಮ್ಮೂರನ್ನೂ ಮೀರಿಸಿದ್ದವು. ಬೆಳಗಿನ ಜಾವ ನದಿದಂಡೆಯ ಮಣ್ಣಿನ ಗೋಡೆಗೆ ಮಕಾವ್ ಗಿಳಿಗಳು ಹಿಂಡು ಹಿಂಡಾಗಿ ಬಂದು ಮಣ್ಣು ತಿನ್ನುತ್ತವೆ, ಅದರಲ್ಲಿರುವ ಉಪ್ಪಿನಂಶಕ್ಕೆ. ಕೆಂಪು, ನೀಲಿ, ಹಳದಿ, ಜೊತೆಗೆ ಕಿವಿ ಕಿತ್ತುಹೋಗುವ ಗಲಾಟೆ. ಗೊಣಗಾಟ ಅಲ್ಲಿಗೆ ನಿಂತಿತು.

ಶುಲ್ಕ 150 ಡಾಲರ್, ಟಿಕೆಟ್ ಹೋಟೆಲ್ ಖರ್ಚು ಬೇರೆ. ಪೆನ್ಷನ್ ದುಡ್ಡಿನಲ್ಲಿ ಅದು ಸಣ್ಣ ಮೊತ್ತವಲ್ಲ. ಹುಡುಗರು ಬ್ಯಾಗ್ ನೇತುಹಾಕಿಕೊಂಡು ಹೋಗುವುದಾದರೆ ಬೇಕಿಲ್ಲ, ಎಲ್ಲ ನೀವೇ ಬುಕ್ ಮಾಡಬಹುದು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇಂಥವರನ್ನೇ ಹಿಡಿಯಿರಿ. ಮಾಚು ಪಿಚು ಟಿಕೆಟ್ ಮಾತ್ರ 2-ಎ ಅಥವಾ 2-ಬಿ ಅಂತ ಮೊದಲೇ ಬರೆಸಿಕೊಳ್ಳಿ. ಬರೆದುಕೊಡುವವರೆಗೆ ಮುಂಗಡ ಕೊಡಬೇಡಿ.

ಅವರ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ವಿಷಯ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ. ಕಾಡಿಗೆ ಹೋಗುವವರಿಗೆ ಅದು ಬೇಕು. ಪೆರುವಿನಿಂದ ಬೇಗ ಊರಿಗೆ ಮರಳುವವರಾದರೆ ನಮ್ಮ ವಿಮಾನ ನಿಲ್ದಾಣದಲ್ಲೂ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕ ಇಡಬಹುದು. ಕನಿಷ್ಠ 10 ದಿನ ಮೊದಲೇ ಹಾಕಿಸಿರಬೇಕು. ಅರವತ್ತು ದಾಟಿದವರು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬೇಡಿ. ನಮ್ಮನೆಯವರನ್ನು ಪರೀಕ್ಷೆ ಮಾಡಿ, ಬಿಪಿ ಮಾತ್ರೆ ಪಟ್ಟಿ ನೋಡಿಯೇ ಡಾಕ್ಟರು ಒಪ್ಪಿದ್ದು.