ನನ್ನ ದನಿ ಹೊತ್ತ ಕರಡಿ ಗೊಂಬೆ

ತಿಂಗಳಿಗೆ ಹತ್ತು ದಿನ ಕೆಲಸದ ಮೇಲೆ ಮನೆಯಿಂದ ದೂರವಿರುವ ನಾನು, ಮೂರು ವರ್ಷದ ಮಗಳಿಗಾಗಿ ಧ್ವನಿ ಮುದ್ರಿಸುವ ಕರಡಿ ಗೊಂಬೆ ಕೊಂಡೆ. ಹೊಟ್ಟೆ ಒತ್ತಿದರೆ 30 ಸೆಕೆಂಡು ನನ್ನ ಜೋಗುಳ ಕೇಳಿಸುತ್ತದೆ. ಒಂದು ನಿಮಿಷವಾದರೂ ಇರಬೇಕಿತ್ತು. ದನಿ ತುಸು ಒಡಕು, ಆದರೆ ಅಪ್ಪನದೇ ಎಂದು ಅವಳಿಗೆ ಗೊತ್ತು. ವಿಡಿಯೊ ಕರೆ ಮುಗಿದೊಡನೆ ಅಳುತ್ತಿದ್ದವಳು ಈಗ ಕರಡಿಯನ್ನು ಅವುಚಿಕೊಂಡು ಮಲಗುತ್ತಾಳೆ ಎಂದು ಹೆಂಡತಿ ಹೇಳಿದಾಗ, ಹೋಟೆಲ್ ಕೋಣೆಯಲ್ಲಿ ನನಗೆ ಗಂಟಲುಬ್ಬಿ ಬಂತು.

ಮುದ್ರಿಸುವ ಗುಂಡಿಯನ್ನು ಮಾತ್ರ ಇನ್ನಷ್ಟು ಒಳಗೆ ಅಡಗಿಸಬೇಕು. ಕಳೆದ ಪ್ರವಾಸದಲ್ಲಿ ಅವಳ ಕೈತಾಗಿ ಜೋಗುಳ ಅಳಿಸಿಹೋಯಿತು. ಫೋನಿನಲ್ಲಿ ಹಾಡಿ ಮತ್ತೆ ತುಂಬಿಸಿದೆ. ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇರುವುದು ಸಮಾಧಾನ. ನಾಣ್ಯದಂಥ ಪುಟ್ಟ ಗುಂಡಿ ಬ್ಯಾಟರಿ ನುಂಗಿದರೆ ಮಕ್ಕಳ ಪ್ರಾಣಕ್ಕೇ ಅಪಾಯ. ಹೊರಡುವ ಹಿಂದಿನ ರಾತ್ರಿ ಹೊಸ ಬ್ಯಾಟರಿ ಹಾಕಿಡುತ್ತೇನೆ.