ದಸರಾ ರಜೆಗೆ ‘ಸ್ಟ್ರೇಂಜರ್ ಥಿಂಗ್ಸ್’ ನೋಡೋಣವೋ ‘ಡಾರ್ಕ್’ ನೋಡೋಣವೋ?

ಮೈಸೂರಿನ ಮನೆ, ದಸರಾ ನೆಂಟರು, ನಡುನಡುವೆ ಕಾಫಿಗೆ ಏಳಲೇಬೇಕು ಅನ್ನುವವರಿಗೆ ಅಮೆರಿಕದ ಹಾರರ್ ಸರಣಿ ‘ಸ್ಟ್ರೇಂಜರ್ ಥಿಂಗ್ಸ್’ ಸರಿ. 2016ರ ಮೊದಲ ಸೀಸನ್ ಎಂಟೇ ಕಂತು. ಭಯಕ್ಕಿಂತ ನಂಟೇ ಮುಂದು: ಕಾಣೆಯಾದ ಮಗನ ಜೊತೆ ಮಾತಾಡಲು ಜಾಯ್ಸ್ ಗೋಡೆ ಮೇಲೆ ಅಕ್ಷರ ಬರೆದು ಸೀರಿಯಲ್ ಸೆಟ್ ಕಟ್ಟುತ್ತಾಳೆ, ಯಾವ ಅಕ್ಷರದ ಬಲ್ಬ್ ಹೊತ್ತಿಕೊಳ್ಳುತ್ತೋ ಅದೇ ಉತ್ತರ.

‘ಡಾರ್ಕ್’ ಅಷ್ಟು ಸಲೀಸಲ್ಲ. ಜರ್ಮನ್ ಸರಣಿ, ಮೂರು ಸೀಸನ್, 26 ಕಂತು. ನಾಲ್ಕು ಮನೆತನ, 1953, 1986, 2019 ಅಂತ 33 ವರ್ಷಕ್ಕೊಂದು ಜಿಗಿತ. ಒಂದೇ ಪಾತ್ರಕ್ಕೆ ವಯಸ್ಸಿಗೊಬ್ಬ ನಟ, ಹಾಗಾಗಿ ಹೆಸರು ಮರೆತರೆ ಸಸ್ಪೆನ್ಸೂ ಕೈತಪ್ಪುತ್ತೆ. ಡಬ್ಬಿಂಗ್ ಬೇಡ, ಸಬ್‌ಟೈಟಲ್ ಹಾಕಿ, ದಿನಕ್ಕೆ ಎರಡೇ ಕಂತು. ವಂಶವೃಕ್ಷ ನೀವೇ ಹಾಳೆಯಲ್ಲಿ ಬರೆದುಕೊಳ್ಳಿ, ನೆಟ್‌ನಲ್ಲಿ ಹುಡುಕಬೇಡಿ: ಯಾರು ಯಾರ ಮಗ ಅನ್ನೋದೇ ಅಲ್ಲಿ ಗುಟ್ಟು.