ಮೈಸೂರಿನ ಗಂಗೋತ್ರಿಯೋ, ಧಾರವಾಡದ ಗುಡ್ಡವೋ?

ತಂಗಿ, ಕನ್ನಡ ಎಂ.ಎ.ಗೆ ಎಲ್ಲಿ ಸೇರಲಿ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿಗೋ, ಧಾರವಾಡದ ಗುಡ್ಡದ ಮೇಲಿರೋ ಕರ್ನಾಟಕ ವಿಶ್ವವಿದ್ಯಾಲಯಕ್ಕೋ ಅಂತ ಕೇಳಿದ್ದೀಯ. ಗೇಲಿ ಮಾತು ಎರಡೂ ಕಡೆಯಿಂದ ಕಿವಿಗೆ ಬಿದ್ದಿರುತ್ತೆ. ಮೈಸೂರು ಪಿಂಚಣಿದಾರರ ಊರು, ಹುಡುಗರೂ ಮಧ್ಯಾಹ್ನ ಮಲಗ್ತಾರೆ ಅಂತ ಧಾರವಾಡದವರು. ಧಾರವಾಡದಲ್ಲಿ ನಮಸ್ಕಾರ ಹೇಳಿದ್ರೂ ಜಗಳಕ್ಕೆ ಬಂದ ಹಾಗಿರುತ್ತೆ ಅಂತ ಮೈಸೂರಿನವರು. ನಕ್ಕುಬಿಡು. ಅದನ್ನು ನಂಬಿ ಸೀಟು ಆರಿಸಬೇಡ.

ಮೈಸೂರು ವಿಶ್ವವಿದ್ಯಾನಿಲಯ 1916ರದ್ದು, ಕರ್ನಾಟಕ ವಿಶ್ವವಿದ್ಯಾಲಯ 1949ರದ್ದು. ವಯಸ್ಸು ನೋಡಿ ಪ್ರಯೋಜನವಿಲ್ಲ. ಓದು ಮುಖ್ಯ ಅಲ್ವಾ? ತಾಳೆಗರಿ, ಹಸ್ತಪ್ರತಿ ಇಷ್ಟವಾದರೆ ಮೈಸೂರಿಗೆ ಹೋಗು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಹಸ್ತಪ್ರತಿಯನ್ನು ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಸಂಸ್ಥೆ ಈಗ ಆ ವಿಶ್ವವಿದ್ಯಾನಿಲಯದ್ದೇ. ವಚನ, ಶಾಸನಗಳ ಕಡೆ ಮನಸ್ಸಿದ್ದರೆ ಧಾರವಾಡ. ವಚನ, ಶಾಸನಗಳ ಸಂಶೋಧಕ ಎಂ. ಎಂ. ಕಲಬುರ್ಗಿ ಪಾಠ ಮಾಡಿದ ಜಾಗ ಅದು. ಹಿಂದೂಸ್ತಾನಿ ಸಂಗೀತ ಕೇಳುವ ಕಿವಿ ಇದ್ದರೆ ಇನ್ನೂ ಒಳ್ಳೆಯದು, ಅದು ಮಲ್ಲಿಕಾರ್ಜುನ ಮನ್ಸೂರರ ಊರು.

ಊಟದಲ್ಲಿ ನನ್ನ ಮನಸ್ಸು ಧಾರವಾಡದ ಕಡೆಗೇ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣಗಾಯಿ, ಅಂಚಿಗೆ ಶೇಂಗಾ ಚಟ್ನಿ, ಮೇಲೆ ಒಂದು ಚಮಚ ಮೊಸರು. ದಿನಾ ಅನ್ನ ಸಾರು ಬೇಕು ಅನ್ನುವವಳಿಗೆ ಮೈಸೂರೇ ಸಲೀಸು.

ಬೆಳಿಗ್ಗೆ ನಡೆಯೋಕೆ ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಇದೆ. ಧಾರವಾಡದ ಮಳೆಗಾಲದಲ್ಲಿ ಮಾತ್ರ ಕೆಂಪು ಕೆಸರು ಚಪ್ಪಲಿ ಬಿಡಲ್ಲ, ಗಟ್ಟಿ ಛತ್ರಿ ತಗೋ.

ಮನೆ ಬೆಂಗಳೂರಿನ ಹತ್ತಿರ ಇದ್ದು, ವಾರಕ್ಕೊಮ್ಮೆ ಅಮ್ಮನ ಮುಖ ನೋಡಬೇಕು ಅನ್ನಿಸಿದರೆ ಮೈಸೂರು. ನಮ್ಮ ಕಡೆಗಿಂತ ಬೇರೆ ಥರದ ಕನ್ನಡ ಕಿವಿಗೆ ಬೀಳಲಿ ಅಂದರೆ ರೈಲು ಹತ್ತಿ ಧಾರವಾಡಕ್ಕೆ ಬಾ.